ಟೆನ್ನಿಸ್ ರಾಕೆಟಲ್ಲಿ 18×20 ಬಿಟ್ಟು 16×19 ತಗೊಂಡ ಮೇಲೆ ಬಾಲೆಲ್ಲ ಬೇಸ್‌ಲೈನ್ ದಾಟಿ ಹೋಗ್ತಾ ಉಂಟು, ಇದು ಪವರಾ ಅಥವಾ ಬೇರೆ ಎಂತಾದ್ರೂ ಉಂಟಾ?

ಕದ್ರಿ_ಬ್ಯಾಕ್‌ಹ್ಯಾಂಡ್

ನಮಸ್ಕಾರ ಎಲ್ರಿಗೂ. ನಂದೊಂದು ಮಂಡೆಬಿಸಿ ಉಂಟು, ಗೊತ್ತಿದ್ದವರು ಹೇಳಿ ಮಾರ್ರೆ.

ಒಂಬತ್ತು ವರ್ಷದಿಂದ ಹೆಡ್ ಪ್ರೆಸ್ಟೀಜ್ ರಾಕೆಟಲ್ಲೇ ಆಡ್ತಿದ್ದೆ, 18×20ದ್ದು (ಉದ್ದಕ್ಕೆ 18 ಗಟ್ ಎಳೆ, ಅಡ್ಡಕ್ಕೆ 20). ಫ್ರೇಮಿನ ಬಣ್ಣ ಎಲ್ಲ ಹೋಗಿ ಗ್ರಿಪ್ ಹತ್ರ ಅಲ್ಲಾಡ್ಲಿಕ್ಕೆ ಶುರುವಾದ ಮೇಲೆ ಹೆಂಡ್ತಿಯೇ ಹೇಳಿದ್ಲು ಇನ್ನಾದ್ರೂ ಒಂದು ಹೊಸದು ತಗೊಳ್ಳಿ ಅಂತ. ಅವಳು ಹೇಳಿದ್ದು ಒಂದೇ ಸಲ, ಮನಸ್ಸು ಬದಲಾಗುದ್ರೊಳಗೆ ರಪ್ಪ ಆರ್ಡರ್ ಮಾಡಿದೆ, ವಿಲ್ಸನ್ ಬ್ಲೇಡ್ 98. ಅದು 18×20ರಲ್ಲೂ ಬರ್ತದೆ 16×19ರಲ್ಲೂ ಬರ್ತದೆ, ನಾನು ನೋಡುವಾಗ 16×19 ಮಾತ್ರ ಸ್ಟಾಕ್ ಇದ್ದದ್ದು. ಉದ್ದಕ್ಕೆ ಎರಡು, ಅಡ್ಡಕ್ಕೆ ಒಂದು ಗಟ್ ಕಮ್ಮಿ ಆದ್ರೆ ಆಕಾಶ ಬೀಳ್ತದಾ ಅಂತ ತಗೊಂಡೆ.

ಆಕಾಶ ಬೀಳ್ಲಿಲ್ಲ, ಬಾಲೇ ಆಕಾಶಕ್ಕೆ ಹೋಯ್ತು.

ಬೆಳಿಗ್ಗೆ ಆರು ಗಂಟೆಗೆ ಅದೇ ಕೋರ್ಟ್, ಅದೇ ಪಾರ್ಟ್ನರ್, ಅದೇ ಪಾಲಿ (ಪಾಲಿಯೆಸ್ಟರ್) ಗಟ್, ಟೆನ್ಶನ್ (ಗಟ್ ಎಳೆದ ಬಿಗಿ) ಸಹ ಅದೇ 52 ಪೌಂಡ್. ಫೋರ್‌ಹ್ಯಾಂಡ್ ಹೊಡೆದ್ರೆ ಬೇಸ್‌ಲೈನಿಂದ ಒಂದು ಮೀಟರ್ ಆಚೆ ಬೀಳ್ತದೆ, ಕೈಯಲ್ಲಿ ಮಾತ್ರ ಒಳ್ಳೇ ಶಾಟ್ ಹೊಡೆದ ಹಾಗೇ ಇರ್ತದೆ, ಅದೇ ಬೇಜಾರು. ಸ್ಲೈಸ್ ಮಾಡಿದ್ರೆ ಬಾಲ್ ತೇಲ್ತಾ ತೇಲ್ತಾ ಹೋಗಿ ಪಾರ್ಟ್ನರಿಗೆ ಅಡ್ಡೆ ಹೊಡೆದು ಹೊಡಿಲಿಕ್ಕೆ ಟೈಮ್ ಸಿಗ್ತದೆ. ಗಟ್ಟಿಂಗ್ ಮಾಡಿ ಕೊಟ್ಟ ಅಂಗಡಿಯವ್ರು ಹೇಳಿದ್ರು ಹೊಸ ರಾಕೆಟ್ಟಿಗೆ ಪವರ್ ಜಾಸ್ತಿ, 58ಕ್ಕೆ ಟೈಟ್ ಮಾಡುವ ಅಂತ. ಮಾಡಿಸಿದೆ. ಔಟ್ ಸ್ವಲ್ಪ ಕಮ್ಮಿ ಆಯ್ತು, ಆದ್ರೆ ನಾಲ್ಕನೇ ದಿನಕ್ಕೆ ಮೊಣಕೈ ನೋವು, ಬಾವಿಯಿಂದ ನೀರು ಸೇದ್ಲಿಕ್ಕಾಗುದಿಲ್ಲ (ಕರೆಂಟ್ ಹೋದ್ರೆ ನಮ್ಮನೇಲಿ ಈಗ್ಲೂ ಸೇದುದೇ).

ಕೇಳುದು ಇಷ್ಟೇ. ಮೂರು ಗಟ್ ಕಮ್ಮಿ ಆದ್ರೆ ನಿಜವಾಗಿ ಪವರ್ ಅಷ್ಟು ಜಾಸ್ತಿ ಆಗ್ತದಾ? ಇಲ್ಲಾ ನನ್ನ ಕೈಯೇ ಕೆಟ್ಟಿತಾ? ಮಾರಿ 18×20 ತಗೊಳ್ಲಾ?

ಗಂಜಿ_ಚಟ್ನಿ

ಒಂಬತ್ತು ವರ್ಷ ನೆಟ್ಟಿಗೆ ಹೊಡಿತಿದ್ರಿ, ಈಗ ಔಟ್ ಹೊಡಿತಿದ್ದೀರಿ. ಪ್ರಮೋಷನ್ ಅಲ್ವಾ ಮಾರ್ರೆ 😄

ಮಾರುದಾದ್ರೆ ಹಳೇದನ್ನು ನಂಗೆ ಹೇಳಿ.

ಗಟ್ಟಿಂಗ್_ಅಣ್ಣ_ಉಡುಪಿ

ಮೊದ್ಲು ಆ 58ದ್ದು ಕತ್ತರಿಸಿ ಬಿಸಾಡಿ ಮಾರಾಯ್ರೆ, ಮತ್ತೆ ಮಾತಾಡುವ. ಪಾಲಿ ಗಟ್ ಮೊದ್ಲೇ ಗಡಸು, ಅದನ್ನು 58ಕ್ಕೆ ಎಳೆದು ಪ್ರಾಯ ನಲ್ವತ್ತರ ಹತ್ರ ಇರುವವ್ರ ಕೈಗೆ ಕೊಡುದು ಸಮ ಅಲ್ಲ. ನಾನು ದಿನಕ್ಕೆ ಹತ್ತು ಶಟಲ್ ರಾಕೆಟ್ ಮಾಡಿದ್ರೆ ಒಂದು ಟೆನ್ನಿಸ್ ಬರ್ತದೆ, ನಮ್ಮ ಊರಲ್ಲಿ ಎಲ್ಲಾ ಕಡೆ ಹಾಗೆಯೇ, ಶಟಲಿನವ್ರಿಗೆ ಟೈಟ್ ಮಾಡಿದ್ರೆ ಖುಷಿ, ಅದೇ ಅಭ್ಯಾಸ ಟೆನ್ನಿಸಿಗೂ ಬರುದು. ಅವ್ರ ತಪ್ಪು ಅಂತ ಹೇಳುದಲ್ಲ.

ಪ್ಯಾಟರ್ನ್ ವಿಷಯ. 16×19 ಅಂದ್ರೆ ಉದ್ದಕ್ಕೆ 16 ಮೇನ್, ಅಡ್ಡಕ್ಕೆ 19 ಕ್ರಾಸ್. ನಿಮ್ಮ ಎರಡೂ ರಾಕೆಟ್ ಹತ್ರ ಹತ್ರ ಇಟ್ಟು ನಡುವಿನ ಚೌಕಕ್ಕೆ ಕಿರುಬೆರಳಿನ ತುದಿ ಒತ್ತಿ ನೋಡಿ, ಬೇರೆ ಎಂತ ಓದುದೂ ಬೇಡ. ಹಳೇದ್ರಲ್ಲಿ ಉಗುರು ಸಿಕ್ಕಿಬೀಳ್ತದೆ, ಹೊಸದ್ರಲ್ಲಿ ಬೆರಳು ಒಳಗೆ ಹೋಗ್ತದೆ. ಬಾಲಿಗೂ ಅದೇ ಕಥೆ. ಜಾಗ ಜಾಸ್ತಿ ಇದ್ರೆ ಬಾಲ್ ಗಟ್ಟಿನೊಳಗೆ ಹೆಚ್ಚು ಹೂತುಕೊಳ್ತದೆ, ಮೇನ್ ಗಟ್ ಪಕ್ಕಕ್ಕೆ ಜಾರ್ತದೆ, ಬಾಲ್ ಬಿಡುವ ಮೊದ್ಲು ಟಪ್ಪಂತ ವಾಪಸ್ ಬರ್ತದೆ. ಆ ವಾಪಸ್ ಬರುವ ಎಳೆತವೇ ಸ್ಪಿನ್ ಕೊಡುದು. ಪಾಲಿ ನುಣ್ಣಗೆ ಇರುದ್ರಿಂದ ಸಲೀಸಾಗಿ ಜಾರಿ ತಾನೇ ಜಾಗಕ್ಕೆ ಬಂದು ಕೂರ್ತದೆ. ಮೊದ್ಲಿನ ಕಾಲದ ಆಟಗಾರರು ಪಾಯಿಂಟ್ ಮುಗಿದ ಕೂಡ್ಲೇ ಬೆರಳಲ್ಲಿ ಗಟ್ ಸರಿ ಮಾಡ್ತಾ ನಿಲ್ತಿದ್ರಲ್ಲ, ಅದು ಸ್ಟೈಲ್ ಅಲ್ಲ, ಆಗಿನ ಗಟ್ ಜಾರಿದ್ರೆ ವಾಪಸ್ ಬರ್ತಿರ್ಲಿಲ್ಲ.

ಇದಕ್ಕೆ ಬೆಲೆಯೂ ಉಂಟು. ಮೇನ್ ಮತ್ತೆ ಮತ್ತೆ ಕ್ರಾಸಿನ ಮೇಲೆ ಜಾರಿ ಗರಗಸದ ಹಾಗೆ ಕೊಯ್ತದೆ. ತುಂಡಾದ ಗಟ್ ತೆಗೆದು ಬೆಳಕಿಗೆ ಹಿಡಿದ್ರೆ ಕ್ರಾಸ್ ದಾಟಿದಲ್ಲೆಲ್ಲ ಒಂದೊಂದು ಕಚ್ಚು ಕಾಣ್ತದೆ. ನಮ್ಮ ಕಡೆ ಮುರಕಲ್ಲಿನ ಧೂಳು ಬಾಲಿಗೆ ಅಂಟಿ ಅದೂ ಸೇರಿ ಉಜ್ತದೆ. ಒಂದೇ ಗಟ್, ಒಂದೇ ಆಟ ಆದ್ರೂ 16×19ರಲ್ಲಿ ಬೇಗ ತುಂಡಾಗ್ತದೆ, ಅದಕ್ಕೆ ರೆಡಿ ಇರಿ.

ಮತ್ತೊಂದು, ಪ್ಯಾಟರ್ನ್ ಬದಲಾದಾಗ 52 ಅಂದ್ರೆ ಅದೇ 52 ಅಲ್ಲ. ಓಪನ್ ಪ್ಯಾಟರ್ನಿನಲ್ಲಿ, ಅಂದ್ರೆ ಚೌಕ ದೊಡ್ಡದಿದ್ರೆ, ಅದೇ ನಂಬರಿಗೆ ಒಟ್ಟು ಗಟ್ ಮೆತ್ತಗೆ ಇರ್ತದೆ. ಹಾಗಾಗಿ ಎರಡು ಪೌಂಡ್ ಏರಿಸುದು ವಾಡಿಕೆ. ಆರು ಅಲ್ಲ.

ಮಣಿಪಾಲ_ಮೇಷ್ಟ್ರು

ಮೇಲಿನವ್ರು ಹೇಳಿದ್ದು ಸರಿ ಉಂಟು. ನಾನು ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವ, ಹಾಗಾಗಿ "ಪವರ್" ಅಂತ ಯಾರಾದ್ರೂ ಹೇಳಿದ್ರೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ, ಕ್ಷಮಿಸಿ.

ನಿಮ್ಮ ಸಮಸ್ಯೆ ಪವರ್ ಅಲ್ಲ. ಬಾಲ್ ರಾಕೆಟ್ ಬಿಡುವ ಕೋನ.

ಲೆಕ್ಕ ಹಾಕಿಯೇ ಹೇಳ್ತೇನೆ. ಬೇಸ್‌ಲೈನಲ್ಲಿ ನಿಂತು ಒಂದು ಮೀಟರ್ ಎತ್ತರದಲ್ಲಿ ಬಾಲ್ ಹೊಡೆದ್ರಿ, ವೇಗ ಸೆಕೆಂಡಿಗೆ 25 ಮೀಟರ್ ಅಂದ್ರೆ ಗಂಟೆಗೆ 90 ಕಿಲೋಮೀಟರ್, ಬಾಲ್ ಹೊರಟ ಕೋನ 6 ಡಿಗ್ರಿ. ಗಾಳಿ, ಸ್ಪಿನ್ ಎರಡನ್ನೂ ಸದ್ಯಕ್ಕೆ ಬದಿಗಿಡುವ. ಬಾಲ್ 19.7 ಮೀಟರಿಗೆ ಬೀಳ್ತದೆ. ಈಗ ವೇಗ ನೂರಕ್ಕೆ ಒಂದು ಜಾಸ್ತಿ ಮಾಡಿ, ಬೇರೆ ಎಲ್ಲ ಹಾಗೇ ಇರ್ಲಿ. 30 ಸೆಂಟಿಮೀಟರ್ ಮುಂದೆ ಬೀಳ್ತದೆ, ಅಷ್ಟೇ. ಅದರ ಬದ್ಲಿಗೆ ಕೋನ ಒಂದೇ ಒಂದು ಡಿಗ್ರಿ ಏರಿಸಿ 7 ಮಾಡಿ. ಒಂದೂವರೆ ಮೀಟರಿಗಿಂತ ಹೆಚ್ಚು ಮುಂದೆ ಹೋಗ್ತದೆ. ಕೋರ್ಟಿನ ಉದ್ದ ಒಟ್ಟು 23.77 ಮೀಟರ್. ಲೈನಿನ ಒಳಗೆ ಒಂದು ಮೀಟರ್ ಬಿಟ್ಟು ಹೊಡಿಯುವ ಅಭ್ಯಾಸ ನಿಮಗಿದ್ರೆ ಆ ಒಂದು ಡಿಗ್ರಿಯೇ ಸಾಕು ಔಟ್ ಆಗ್ಲಿಕ್ಕೆ. ಬಾಲ್ ದೂರ ಹೋದದ್ದು ಕಣ್ಣಿಗೆ ಕಾಣ್ತದೆ, ಒಂದು ಡಿಗ್ರಿ ಕಾಣುದಿಲ್ಲ, ಹಾಗಾಗಿ ಮನಸ್ಸು ಅದನ್ನು ಪವರ್ ಅಂತ ಬರ್ಕೊಳ್ತದೆ.

ವೇಗ ಯಾಕೆ ಅಷ್ಟು ಬದಲಾಗುದಿಲ್ಲ ಅಂದ್ರೆ, ಶಕ್ತಿ ತಿನ್ನುದು ಗಟ್ ಅಲ್ಲ, ಬಾಲ್. ನಿಯಮದ ಪ್ರಕಾರ ಬಾಲನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ರೆ 135ರಿಂದ 147 ಸೆಂಟಿಮೀಟರ್ ಮಾತ್ರ ಪುಟಿಬೇಕು. ಹೆಚ್ಚು ಕಮ್ಮಿ ಅರ್ಧದಷ್ಟು ಶಕ್ತಿ ಬಾಲಿನ ಹೊಟ್ಟೆಗೆ ಹೋಯ್ತು. ಗಟ್ ಹಾಗಲ್ಲ, ಹಿಗ್ಗುವಾಗ ತಗೊಂಡದ್ರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ವಾಪಸ್ ಕೊಡ್ತದೆ. ಗಟ್ ಮೆತ್ತಗೆ ಇದ್ರೆ ಬಾಲ್ ಅಪ್ಪಚ್ಚಿಯಾಗುದು ಕಮ್ಮಿ, ಹಾಗಾಗಿ ವೇಗ ಸ್ವಲ್ಪ ಏರ್ತದೆ, ನಿಜ. ಆದ್ರೆ ಅದು ಚಿಲ್ಲರೆ, ನೋಟು ಇರುದು ಕೋನದಲ್ಲಿ.

ಕೋನ ಯಾಕೆ ಏರುದು ಅಂದ್ರೆ, ಬಾಲ್ ಗಟ್ಟಿನಲ್ಲಿ ಇರುದು ಸೆಕೆಂಡಿನ ಸಾವಿರದಲ್ಲಿ ನಾಲ್ಕೈದು ಭಾಗ. ಅಷ್ಟರೊಳಗೆ ನಿಮ್ಮ ರಾಕೆಟ್ ಮೇಲ್ಮುಖವಾಗಿ ಹೋಗ್ತಾ ಇರ್ತದೆ. ಓಪನ್ ಪ್ಯಾಟರ್ನ್ ಬಾಲನ್ನು ಹೆಚ್ಚು ಹಿಡಿದುಕೊಂಡು ತನ್ನ ಜೊತೆ ಮೇಲಕ್ಕೆ ಒಯ್ತದೆ, ಸ್ಪಿನ್ನೂ ಕೊಡ್ತದೆ. ಕೆಳಗಿಂದ ಮೇಲಕ್ಕೆ ಜೋರಾಗಿ ಬೀಸುವವ್ರಿಗೆ ಇದು ಲಾಭ, ಯಾಕಂದ್ರೆ ಟಾಪ್‌ಸ್ಪಿನ್ ಬಾಲನ್ನು ಆಮೇಲೆ ಕೆಳಗೆ ಎಳಿತದೆ. ನಿಮ್ಮ ಹಾಗೆ ಫ್ಲ್ಯಾಟ್ ಹೊಡಿಯುವವ್ರಿಗೆ (18×20ರಲ್ಲಿ ಒಂಬತ್ತು ವರ್ಷ ಅಂದ ಮೇಲೆ ಫ್ಲ್ಯಾಟೇ ಇರ್ಬೇಕು) ಏರುವ ಕೋನ ಮಾತ್ರ ಸಿಗ್ತದೆ, ಇಳಿಸುವ ಸ್ಪಿನ್ ಸಿಗುದಿಲ್ಲ. ಬಸ್ ಹತ್ತಿಯಾಯ್ತು, ಇಳಿಯುವ ಸ್ಟಾಪೇ ಇಲ್ಲ.

ಹಳೇ_ವುಡನ್

ಮೇಷ್ಟ್ರೇ ಲೆಕ್ಕ ಚೆಂದ ಉಂಟು. ಆದ್ರೆ ಬರೀ ನಂಬರ್ ನೋಡಿ ಓಪನ್, ಡೆನ್ಸ್ ಅಂತ ತೀರ್ಮಾನ ಮಾಡ್ಬಾರ್ದು, ಇಲ್ಲಿ ಎಲ್ರೂ ಮಾಡುವ ತಪ್ಪು ಅದು. ಪೀಟ್ ಸಾಂಪ್ರಾಸ್ ಆಡಿದ್ದು ಪ್ರೋ ಸ್ಟಾಫ್ 85, ಪ್ಯಾಟರ್ನ್ 16×18. ನಂಬರ್ ನೋಡಿದ್ರೆ ಈಗಿನ 16×19ಕ್ಕಿಂತ ಓಪನ್. ಆದ್ರೆ ತಲೆ ಬರೀ 85 ಚದರ ಇಂಚು, ಅಷ್ಟು ಸಣ್ಣ ಜಾಗದಲ್ಲಿ 16×18 ತುರುಕಿದ್ರೆ ಚೌಕ ಎಲ್ಲಿ ದೊಡ್ಡದಾಗ್ತದೆ? ಮೇಲಿಂದ ಅವ ನ್ಯಾಚುರಲ್ ಗಟ್ (ದನದ ಕರುಳಿಂದ ಮಾಡಿದ್ದು) ಭಯಂಕರ ಟೈಟ್ ಮಾಡಿಸ್ತಿದ್ದ. ನಡಾಲ್‌ನದ್ದು 100 ಇಂಚಿನ ತಲೆಗೆ 16×19. ಜೊಕೊವಿಚ್ 18×20 ಬಿಟ್ಟು 18×19ಕ್ಕೆ ಬಂದವ. ಹಾಗಾಗಿ ನಡುವಿನ ಚೌಕ ಎಷ್ಟು ದೊಡ್ಡದು ಅಂತ ನೋಡ್ಬೇಕು, ಗಟ್ಟಿಂಗ್ ಅಣ್ಣ ಹೇಳಿದ ಕಿರುಬೆರಳೇ ಸರಿ.

ಈ ವಿಷಯ ಬಂದಾಗೆಲ್ಲ ನನಗೆ 1977 ನೆನಪಾಗುದು. ಸ್ಪಗೆಟಿ ರಾಕೆಟ್ ಅಂತ ಒಂದು ಬಂದಿತ್ತು, ಎರಡು ಪದರ ಮೇನ್ ಗಟ್, ಕ್ರಾಸಿನ ಜೊತೆ ಹೆಣೆಯುದೇ ಇಲ್ಲ, ಮೇನ್ ಪೂರ್ತಿ ಜಾರ್ತದೆ. ಹುಚ್ಚು ಸ್ಪಿನ್. ಫ್ರಾನ್ಸಿನಲ್ಲಿ ನಸ್ಟಾಸೆ ಅದನ್ನು ಹಿಡ್ಕೊಂಡು ಫೈನಲ್ ಆಡಿದಾಗ ವಿಲಾಸ್ ಎರಡು ಸೆಟ್ ಸೋತು ಸಾಕಪ್ಪ ಅಂತ ಆಟ ಬಿಟ್ಟೇ ಹೋದ. ಮಣ್ಣಿನ ಕೋರ್ಟಲ್ಲಿ ಸೋಲೇ ಇಲ್ಲದೆ ಆಡ್ತಿದ್ದವ! ಆ ತಿಂಗಳಲ್ಲೇ ಅದನ್ನು ನಿಲ್ಲಿಸಿದ್ರು, ಮರುವರ್ಷ ಗಟ್ ಒಂದರೊಳಗೊಂದು ಹೆಣೆದಿರ್ಬೇಕು ಅಂತ ನಿಯಮವೇ ಬಂತು. ನೋಡಿ, ಗಟ್ ಜಾರುದು ಅಷ್ಟು ದೊಡ್ಡ ವಿಷಯ. 2013ರಲ್ಲಿ ವಿಲ್ಸನಿನವ್ರು 16×15 ಅಂತ ಕ್ರಾಸ್ ಕಮ್ಮಿ ಮಾಡಿ ಒಂದು ತಂದ್ರು, ನನ್ನ ಅಳಿಯ ತಗೊಂಡಿದ್ದ, ಸ್ಪಿನ್ ಬಂತು, ಜೊತೆಗೆ ವಾರವಾರ ಗಟ್ ತುಂಡಾಗಿ ಅವನ ಪರ್ಸ್ ಸಹ ಹೋಯ್ತು.

ನನ್ನ ಅಭಿಪ್ರಾಯ ಕೇಳಿದ್ರೆ, ಪ್ರಾಯ ಆದವ್ರು ಸ್ವಿಂಗ್ ಬದಲಾಯಿಸುದಕ್ಕಿಂತ ರಾಕೆಟ್ ಬದಲಾಯಿಸುದು ಸುಲಭ. ಮಾರಿಬಿಡಿ.

ಗಟ್ಟಿಂಗ್_ಅಣ್ಣ_ಉಡುಪಿ

ಮಾರುದು ಬೇಡ ಕಾಕ, ಪಾಪ ಹೊಸತು. ಕದ್ರಿಯವ್ರೇ, ಮೊದ್ಲು ಮಲ್ಟಿಫಿಲಮೆಂಟ್ ಗಟ್ (ಸಣ್ಣ ಸಣ್ಣ ನೂಲು ಸೇರಿಸಿ ಮಾಡಿದ್ದು) ಹಾಕಿ 54 ಮಾಡಿ ನೋಡಿ. ಅದು ಪಾಲಿಯಷ್ಟು ಜಾರುದಿಲ್ಲ, ಸ್ಪಿನ್ ಕಮ್ಮಿ, ಆದ್ರೆ ಕೈಗೆ ಹಿತ. ನ್ಯಾಚುರಲ್ ಗಟ್ ಅಂತೂ ಈ ಸೆಕೆಯ ತೇವಕ್ಕೆ, ಮಳೆಗೆ ಬೇಡವೇ ಬೇಡ, ಉಬ್ಬಿ ಬಿಚ್ಕೊಳ್ತದೆ, ದುಡ್ಡು ಪೊಕ್ಕಡೆ ಹೋಗ್ತದೆ.

ಕದ್ರಿ_ಬ್ಯಾಕ್‌ಹ್ಯಾಂಡ್

ಎರಡು ವಾರ ಬಿಟ್ಟು ಬರೀತಿದ್ದೇನೆ, ನಡುವೆ ನಾಲ್ಕು ದಿನ ಮಳೆಗೆ ಕೋರ್ಟೇ ಇರ್ಲಿಲ್ಲ.

ಗಟ್ಟಿಂಗ್ ಅಣ್ಣ ಹೇಳಿದ ಹಾಗೆ 58ದ್ದು ಕತ್ತರಿಸಿ ಮಲ್ಟಿ 54 ಹಾಕಿಸಿದೆ. ಮೊಣಕೈ ಈಗ ಪರವಾಗಿಲ್ಲ, ನೀರು ಸೇದ್ತೇನೆ. ಮೇಷ್ಟ್ರು ಕೋನ ಅಂದದ್ದು ತಲೆಯಲ್ಲಿ ಕೊರಿತಾ ಇತ್ತು, ಹಾಗೆ ಒಂದು ಕೆಲಸ ಮಾಡಿದೆ, ನಗ್ಬೇಡಿ. ಮನೆಯಿಂದ ಎರಡು ಅಡಿಕೆ ಸಲಕೆ ತಗೊಂಡು ಹೋಗಿ ನೆಟ್ಟಿನ ಎರಡೂ ಕಂಬಕ್ಕೆ ಕಟ್ಟಿ, ನೆಟ್ಟಿಗಿಂತ ಎರಡಡಿ ಮೇಲೆ ತೆಂಗಿನ ಹುರಿ ಎಳೆದೆ. ಪಾರ್ಟ್ನರ್ ಬಟ್ಟೆ ಒಣಗ್ಲಿಕ್ಕೆ ಹಾಕುದಾ ಕೇಳಿದ್ರು. ಒಂದು ಬುಟ್ಟಿ ಬಾಲ್ ಹಳೇ ಪ್ರೆಸ್ಟೀಜಲ್ಲಿ, ಮತ್ತೊಂದು ಬುಟ್ಟಿ ಬ್ಲೇಡಲ್ಲಿ, ಬೇಕಂತ ಒಂದೇ ತರ ಫ್ಲ್ಯಾಟ್ ಹೊಡೆದೆ. ಹಳೇದ್ರಲ್ಲಿ ಹೆಚ್ಚಿನವು ಹುರಿಯ ಕೆಳಗೆ. ಹೊಸದ್ರಲ್ಲಿ ಹುರಿಗೆ ತಾಗಿ ಇಲ್ಲಾ ಮೇಲೆ ಹೋಗಿ ಬೇಸ್‌ಲೈನಿನ ಆಚೆ. ಮಲ್ಟಿ ಗಟ್ಟಿನಲ್ಲೂ! ಬಾಲ್ ಜೋರಾಗಿ ಹೋಗ್ತಿಲ್ಲ ಮಾರ್ರೆ, ಮೇಲೆ ಹೋಗ್ತಿದೆ, ಒಂಬತ್ತು ವರ್ಷ ಆಡಿ ಹುರಿ ಕಟ್ಟಿದ ಮೇಲೆ ಗೊತ್ತಾಯ್ತು.

ಆಮೇಲೆ ರಾಕೆಟ್ ಮುಖ ಒಂದು ಚೂರು ಮುಚ್ಚಿ, ಕೆಳಗಿಂದ ಸ್ವಲ್ಪ ಹೆಚ್ಚು ಬೀಸಿ ನೋಡಿದೆ. ಈಗ ಹುರಿ ಮೇಲೆಯೇ ಹೋಗ್ತದೆ ಆದ್ರೆ ಒಳಗೆ ಬೀಳ್ತದೆ. ಎಲ್ಲ ಸಲ ಅಲ್ಲ, ಸುಸ್ತಾದಾಗ ಹಳೇ ಕೈಯೇ ಬರ್ತದೆ. ಸ್ಲೈಸ್ ಮಾತ್ರ ಈಗ್ಲೂ ಹಪ್ಪಳ ಹಾರಿದ ಹಾಗೆ.

ಮಣಿಪಾಲ_ಮೇಷ್ಟ್ರು

ಹುರಿ ಕಟ್ಟಿದ್ದು ಬಹಳ ಒಳ್ಳೆಯದಾಯ್ತು, ನಾನು ಪಾಠ ಮಾಡುವಾಗ ಇಂಥವ ಒಬ್ಬನಾದ್ರೂ ಕ್ಲಾಸಲ್ಲಿ ಇರ್ಬೇಕಿತ್ತು. ಸ್ಲೈಸಿಗೂ ಅದೇ ಕಾರಣ, ತಿರುಗುದು ಮಾತ್ರ ಹಿಮ್ಮುಖ. ಗಟ್ ಹೆಚ್ಚು ಹಿಡಿದ್ರೆ ಬ್ಯಾಕ್‌ಸ್ಪಿನ್ ಹೆಚ್ಚು, ಬ್ಯಾಕ್‌ಸ್ಪಿನ್ ಬಾಲನ್ನು ಗಾಳಿಯಲ್ಲಿ ಎತ್ತಿ ಹಿಡಿತದೆ. ಬಾಲಿನ ಅಡಿಗೆ ಕಡಿಯುದು ಬಿಟ್ಟು ಹಿಂದಿನಿಂದ ಮುಂದಕ್ಕೆ ತಳ್ಳಿ, ಮುಖ ಅಷ್ಟು ತೆರಿಬೇಡಿ.

ಗಂಜಿ_ಚಟ್ನಿ

ಹಾಗಾದ್ರೆ ಬ್ಲೇಡ್ ಇಟ್ಕೊಳ್ತೀರಿ. ಹಳೇ ಪ್ರೆಸ್ಟೀಜ್ ಎಷ್ಟಕ್ಕೆ?

ಕದ್ರಿ_ಬ್ಯಾಕ್‌ಹ್ಯಾಂಡ್

ಅದು ಕೊಡುದಿಲ್ಲ. ಆದಿತ್ಯವಾರ ಡಬಲ್ಸಿಗೆ ನೆಟ್ಟಿನಲ್ಲಿ ನಿಂತ್ರೆ ವಾಲಿ ಎಲ್ಲಿ ನೋಡ್ತೇನೋ ಅಲ್ಲಿಗೇ ಹೋಗುದು ಅದ್ರಲ್ಲಿ ಮಾತ್ರ. ಹೆಂಡ್ತಿಗೆ ಮಾರಿಯಾಯ್ತು ಅಂತ ಹೇಳಿದ್ದೇನೆ, ಕಾರಿನ ಡಿಕ್ಕಿಯಲ್ಲಿ ಉಂಟು.