ಪದಚರ್ಚೆ: ‘ಸ್ಪಾಟೆಡ್ ಬರ್ಡ್ಸ್’ ಅಂದರೆ ಚುಕ್ಕೆ ಹಕ್ಕಿಗಳಾ? ಬೋರ್ಡಿಗೆ ಬೇಕು, ಅರ್ಜೆಂಟ್

ಮಧುಗಿರಿಯಿಂದ

ಎಲ್ಲರಿಗೂ ನಮಸ್ಕಾರ. ಮೈದನಹಳ್ಳಿಯ ಕೃಷ್ಣಮೃಗಗಳನ್ನು ನೋಡಲು ಬರುವ ಫೋಟೊಗ್ರಾಫರುಗಳಿಗಾಗಿ ನಮ್ಮ ಗೆಳೆಯರ ಬಳಗ ಒಂದು ಬೋರ್ಡ್ ಬರೆಸುತ್ತಿದೆ. ದಾರಿ ಪಕ್ಕದ ಹೊಲವೊಂದರ ಬೇಲಿ ಹತ್ತಿರ ನಿಲ್ಲಿಸುತ್ತೇವೆ, ಹೊಲದವರು ಒಪ್ಪಿದ್ದಾರೆ. ಇಂಗ್ಲಿಷ್ ಒಕ್ಕಣೆ ಬೆಂಗಳೂರಿನ ಗೆಳೆಯರದು. ಅದನ್ನು ಯಾರೋ ಮೊಬೈಲಿನಲ್ಲೇ ಕನ್ನಡ ಮಾಡಿಬಿಟ್ಟಿದ್ದಾರೆ. ಬಂದದ್ದು ಹೀಗಿದೆ:

“ಚುಕ್ಕೆ ಹಕ್ಕಿಗಳು ಮತ್ತು ಇತರ ವನ್ಯಜೀವಿಗಳನ್ನು ಛಾಯಾಚಿತ್ರ ಮಾಡುವಾಗ ಟ್ರ್ಯಾಕ್ ಬಿಡಬೇಡಿ.”

ಮೂಲದಲ್ಲಿ ‘ಸ್ಪಾಟೆಡ್ ಬರ್ಡ್ಸ್’ ಅಂತಿತ್ತು. ಅವರು ಹೇಳಲು ಹೊರಟಿದ್ದು ಕಣ್ಣಿಗೆ ಕಂಡ ಹಕ್ಕಿಗಳ ವಿಷಯ. ಚುಕ್ಕೆಯ ಮಾತೇ ಅಲ್ಲ. ಈಗಿರುವ ಹಾಗೆ ಬರೆಸಿದರೆ, ಬೆಳ್ಳಕ್ಕಿಗೆ ಚುಕ್ಕೆ ಇಲ್ಲವಲ್ಲ, ಅದರ ಹಿಂದೆ ಓಡಬಹುದು ಅಂತ ವಾದ ಮಾಡುವವರೂ ಇರುತ್ತಾರೆ.

ಪೇಂಟರ್ ಶುಕ್ರವಾರ ಬರುತ್ತಾನೆ. ‘ಸ್ಪಾಟ್ ಮಾಡು’ ಅನ್ನುವುದಕ್ಕೆ ಒಂದು ಒಳ್ಳೆ ಕ್ರಿಯಾಪದ ಬೇಕು. ‘ಗುರುತಿಸಿದ’, ‘ಪತ್ತೆಯಾದ’, ‘ವೀಕ್ಷಿಸಿದ’ ಎಲ್ಲ ಹಾಕಿ ನೋಡಿದೆ. ಯಾವುದೂ ಕೂರುತ್ತಿಲ್ಲ. ಹಾಗೇ ‘ಟ್ರ್ಯಾಕ್’ಗೂ ಒಂದು ಮಾತು ಹೇಳಿ.

ತುಮಕೂರಿನಿಂದ

ಕಂಡ. ಇಷ್ಟಕ್ಕೆ ಪದಚರ್ಚೆ ಯಾಕೆ?

ಕೋಲಾರದಿಂದ

> ಕಂಡ. ಇಷ್ಟಕ್ಕೆ ಪದಚರ್ಚೆ ಯಾಕೆ?

ಯಾಕೆ ಅಂದರೆ ಒಂಟಿ ‘ಕಂಡ’ ನೆಟ್ಟಗೆ ನಿಲ್ಲುವುದಿಲ್ಲ. ಯಾರಿಗೆ ಕಂಡ? ಹಿಂದೆಯೇ ‘ಕಂಡಕಂಡ’ದ ತಾತ್ಸಾರ ಬೇರೆ ಬರುತ್ತದೆ. ‘ನೋಡಿದ’ ಅಂತೂ ಬೇಡ. ನೋಡುವುದು ನಾವು ಬೇಕಂತಲೇ ಮಾಡುವ ಕೆಲಸ. ಕಾಣುವುದು ತಾನಾಗಿ ಆಗುವುದು. ಮಧುಗಿರಿಯವರು ಕೈಬಿಟ್ಟ ಮೂರೂ ಪದ ಕೈಬಿಡಬೇಕಾದವೇ. ‘ಗುರುತಿಸಿದ ಹಕ್ಕಿ’ ಅಂದರೆ ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿ. ‘ಪತ್ತೆಯಾದ ಹಕ್ಕಿ’ ಅಂದರೆ ಅದು ಕಾಣೆಯಾಗಿ ಠಾಣೆಯಲ್ಲಿ ದೂರು ದಾಖಲಾಗಿತ್ತು. ‘ವೀಕ್ಷಿಸಿದ’ ಮಂತ್ರಿಗಳಿಗೆ ಇರಲಿ, ಅವರು ಕಾಮಗಾರಿ ವೀಕ್ಷಿಸುತ್ತಾರೆ.

ನನ್ನ ನಿಜವಾದ ತಕರಾರು ‘ಛಾಯಾಚಿತ್ರ’ದ ಮೇಲೆ. ಛಾಯೆ ಅಂದರೆ ನೆರಳು. ಕ್ಯಾಮೆರಾ ಹಿಡಿಯುವುದು ಬೆಳಕನ್ನು. ಯಾರೋ ಒಬ್ಬರು ಉಲ್ಟಾ ಹೊಸೆದರು, ನಾವೆಲ್ಲ ಹಾಗೇ ಹೊತ್ತುಕೊಂಡು ಬಂದೆವು. ರಾಮಾಯಣದಲ್ಲಿ ಹನುಮಂತ ಸಮುದ್ರ ಹಾರುವಾಗ ಅವನ ನೆರಳು ಹಿಡಿದು ಎಳೆದ ಸಿಂಹಿಕೆ ಇದ್ದಾಳಲ್ಲ, ಅವಳು ಛಾಯಾಗ್ರಾಹಿ. ಅವಳೊಬ್ಬಳಿಗೇ ಆ ಹೆಸರು ಸರಿ.

ಇನ್ನೊಂದು. ದಯವಿಟ್ಟು ಯಾರೂ ‘ಹಕ್ಕಿಛಾಯಾಗ್ರಹಣ’ ಅಂತ ಶುರು ಮಾಡಬೇಡಿ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ಅರಿಸಮಾಸ ಅದು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ಮಾತ್ರ ವಿನಾಯಿತಿ ಕೊಟ್ಟ. ಬೇಲಿ ಪಕ್ಕದ ಬೋರ್ಡಿಗೆ ಕೊಟ್ಟಿಲ್ಲ.

ತುಮಕೂರಿನಿಂದ

ಥಿಯೇಟರ್ ಮುಂದೆ ಹಾಲಾಭಿಷೇಕ ಆಗುವಾಗ ನಿಮ್ಮ ಕೇಶಿರಾಜ ಎಲ್ಲಿದ್ದ ಮೇಷ್ಟ್ರೇ? ಅರಿಸಮಾಸದ ಹಾಲನ್ನೇ ಜನ ಹೊತ್ತು ಸುರಿಯುತ್ತಾರೆ.

ತಿಪಟೂರಿನಿಂದ

ನೆರಳೂ ಬೇಡ, ಗ್ರಹಣವೂ ಬೇಡ. ಚಿತ್ರಕ್ಕೆ ಕನ್ನಡದಲ್ಲಿ ‘ತಿಟ್ಟ’ ಇದೆ. ವನ್ಯಜೀವಿಗೆ ‘ಕಾಡುಪ್ರಾಣಿ’ ಅಂತ ಎಲ್ಲರೂ ಆಡುತ್ತಾರೆ. ಟ್ರ್ಯಾಕಿಗೆ ‘ಜಾಡು’. ಬೋರ್ಡು ಇಷ್ಟೇ: “ಹಕ್ಕಿ, ಕಾಡುಪ್ರಾಣಿಗಳ ತಿಟ್ಟ ತೆಗೆಯುವಾಗ ಜಾಡು ಬಿಡಬೇಡಿ.” ಸಂಸ್ಕೃತದ ಹಂಗು ಯಾಕೆ? ಓದಿದವರಿಗೆ ತಿಳಿಯದಿದ್ದರೆ ಕೇಳಿ ತಿಳಿಯಲಿ. ಪದ ಬಳಕೆಗೆ ಬರುವುದೇ ಹಾಗೆ.

ಶಿರಾದಿಂದ

ನಾನು ಭಾಷೆ ಓದಿದವನಲ್ಲ. ರಜೆ ಸಿಕ್ಕಾಗ ಕ್ಯಾಮೆರಾ ಹೊತ್ತು ತಿರುಗುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆ ಅಂದರೆ ಬೋರ್ಡ್ ಓದಬೇಕಾದವರು ನನ್ನಂಥವರು.

ಮೊದಲು ತಿಪಟೂರಿನವರ ಸಾಲು. ನಮ್ಮ ಕಡೆ ತಿಟ್ಟು ಅಂದರೆ ದಿಬ್ಬ. “ತಿಟ್ಟ ತೆಗೆಯುವಾಗ” ಅಂತ ಬರೆದರೆ ಅದನ್ನು ಜೆಸಿಬಿಯವನು ನಿಂತು ಓದುತ್ತಾನೆ. ‘ಜಾಡು’ ಅದಕ್ಕಿಂತ ಅಪಾಯ. ಕ್ಯಾಮೆರಾದವರ ಬಾಯಲ್ಲಿ ಜಾಡು ಅಂದರೆ ಪ್ರಾಣಿ ನಡೆದು ಹೋದ ಗುರುತು. ಜಾಡು ಹಿಡಿಯುವುದು ಅಂದರೆ ಅದರ ಬೆನ್ನು ಹತ್ತುವುದು. “ಜಾಡು ಬಿಡಬೇಡಿ” ಅಂದರೆ ‘ಜಿಂಕೆ ಹೋದ ಕಡೆಗೇ ಹೋಗಿ’ ಅಂತ ನೀವೇ ಹೇಳಿದ ಹಾಗೆ. ಸುಮ್ನೆ ‘ದಾರಿ’ ಅನ್ನಿ.

ಇನ್ನು ‘ಸ್ಪಾಟ್’. ನಾವು ನಾವೇ ಮಾತಾಡುವಾಗ ಬಳಸುವ ಕ್ರಿಯಾಪದ ಒಂದೇ, ‘ಸಿಗು’. “ಬೆಳಗ್ಗೆ ಏನ್ ಸಿಕ್ತು?” “ಹಾಲಕ್ಕಿ ಸಿಕ್ತು, ಬೆಳಕು ಸಿಗಲಿಲ್ಲ.” ಕಂಡದ್ದಕ್ಕೂ ಫೋಟೊ ಆದದ್ದಕ್ಕೂ ಅದೇ ಮಾತು. ಆದರೆ ಬೋರ್ಡಿನ ಮೇಲೆ ‘ಸಿಕ್ಕಿದ ಹಕ್ಕಿ’ ಅಂತ ಬರೆಯುವ ಹಾಗಿಲ್ಲ, ಬಲೆಗೆ ಸಿಕ್ಕಿದ್ದು ಅಂದುಕೊಳ್ಳುತ್ತಾರೆ.

ಹಾಲಕ್ಕಿ ಅಂದೆನಲ್ಲ, ಇಂಗ್ಲಿಷಿನವರು ಅದನ್ನು ಕರೆಯುವುದೇ ಚುಕ್ಕೆಯ ಗೂಬೆಮರಿ ಅಂತ. ನಮ್ಮ ಹೆಸರಿನಲ್ಲಿ ಚುಕ್ಕೆ ಇಲ್ಲ. ಹೆಜ್ಜಾರ್ಲೆಯ ಕೊಕ್ಕಿನ ಅಂಚಿನಲ್ಲಿ ಚುಕ್ಕೆಗಳಿವೆ, ಇಂಗ್ಲಿಷ್ ಹೆಸರು ಅದನ್ನೇ ಹಿಡಿದುಕೊಂಡಿದೆ. ನಮ್ಮವರು ಅದನ್ನು ಲೆಕ್ಕಕ್ಕೇ ಇಟ್ಟಿಲ್ಲ. ಹೆಣ್ಣು ಕೋಗಿಲೆಗೆ ಮೈತುಂಬ ಬಿಳಿ ಚುಕ್ಕೆ, ಆದರೂ ಅದು ಬರೀ ಕೋಗಿಲೆ. ಹಾಗಾಗಿ ‘ಚುಕ್ಕೆ ಹಕ್ಕಿಗಳು’ ಅಂತ ಒಂದು ಜಾತಿಯನ್ನೇ ಬೋರ್ಡಿನಲ್ಲಿ ಹುಟ್ಟಿಸಿದರೆ ಊರವರು ನಗುತ್ತಾರೆ.

ಈಗ ಮುಖ್ಯ ವಿಷಯ. ದಾರಿ ಬಿಡಬೇಡಿ ಅಂತ ಹೇಳುವುದು ಯಾಕೆ? ಮೈದನಹಳ್ಳಿ ಹುಲ್ಲುಬಯಲು. ಟಿಟ್ಟಿಭ, ನೆಲಗುಬ್ಬಿ ಇವೆಲ್ಲ ಮೊಟ್ಟೆ ಇಡುವುದು ನೆಲದ ಮೇಲೆ. ಟಿಟ್ಟಿಭಕ್ಕೆ ಗೂಡು ಅಂತ ಕಟ್ಟುವ ಅಭ್ಯಾಸವೇ ಇಲ್ಲ. ಮಣ್ಣಿನಲ್ಲಿ ಒಂದು ಸಣ್ಣ ಕುಳಿ, ಸುತ್ತ ಒಂದಷ್ಟು ಕಲ್ಲು, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಕಾಲ ಕೆಳಗೆ ಇದ್ದರೂ ಕಾಣುವುದಿಲ್ಲ. ತಾಯಿ ಹಾರಿ ಹೋಗಿ ತಲೆ ಮೇಲೆ ಕಿರುಚುತ್ತದೆ, ಫೋಟೊದವನಿಗೆ ಖುಷಿ, ಹಾರುವ ಫೋಟೊ ಸಿಕ್ತು ಅಂತ. ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ. 1972ರ ವನ್ಯಜೀವಿ ಕಾಯ್ದೆ ‘ಬೇಟೆ’ಗೆ ಕೊಟ್ಟಿರುವ ಅರ್ಥ ನೋಡಿ. ಕಾಡುಹಕ್ಕಿಯ ಗೂಡು, ಮೊಟ್ಟೆ ಕೆದಕುವುದೂ ಅದರೊಳಗೆ ಬರುತ್ತದೆ. ಕೋವಿಯೇ ಬೇಕು ಅಂತಿಲ್ಲ. ಇಲ್ಲಿರುವ ಶಬ್ದಪ್ರಿಯರಿಗೆ ಇದು ಜಾಸ್ತಿ ಹಿಡಿಸಬೇಕು.

ಅದಕ್ಕೇ ನನಗನ್ನಿಸುವುದು, ‘ಸ್ಪಾಟೆಡ್’ಗೆ ಪದ ಹುಡುಕಲೇಬೇಡಿ. ಇಂಗ್ಲಿಷಿನವರು ಹಕ್ಕಿಯ ಹಿಂದೆ ವಿಶೇಷಣ ಅಂಟಿಸಿದರು ಅಂತ ನಾವೂ ಅಂಟಿಸಬೇಕಾ? ಹಕ್ಕಿ ಕಂಡರೆ ಏನು ಮಾಡಬೇಕು ಅಂತ ಹೇಳಿ:

“ಹಕ್ಕಿ ಕಂಡರೆ ದಾರಿಯಲ್ಲೇ ನಿಂತು ಫೋಟೊ ತೆಗೆಯಿರಿ. ಹುಲ್ಲಿಗೆ ಇಳಿಯಬೇಡಿ. ನೆಲದ ಮೇಲೆ ಮೊಟ್ಟೆಗಳಿರುತ್ತವೆ.”

‘ಕಾಡುಪ್ರಾಣಿ’ಯೂ ಬೇಡ ಅಂತ ನನ್ನ ಮಾತು. ಅಲ್ಲಿ ಕಾಡು ಎಲ್ಲಿದೆ? ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅವನ್ನು ಕಾಡುಹಕ್ಕಿ ಅಂದರೆ ಅಲ್ಲಿಯವರು ಒಪ್ಪುವುದಿಲ್ಲ, ‘ನಮ್ಮ ಕೊಕ್ಕರೆ’ ಅನ್ನುತ್ತಾರೆ.

ತಿಪಟೂರಿನಿಂದ

> ಅಲ್ಲಿ ಕಾಡು ಎಲ್ಲಿದೆ?

ಪದದ ಮುಂದೆ ಬಂದ ‘ಕಾಡು’ಗೆ ಮರಗಿಡ ಬೇಕಿಲ್ಲ. ಸಾಕದ್ದು, ಹದ್ದುಬಸ್ತಿಗೆ ಸಿಗದ್ದು ಅಂತ ಅರ್ಥ. ಕಾಡುಹರಟೆ ಏನು ಕಾಡಿನಲ್ಲಿ ಕೂತು ಹೊಡೆಯುತ್ತಾರಾ? ಇಲ್ಲೇ ನಡೆಯುತ್ತಿದೆಯಲ್ಲ.

‘ಕಂಡರೆ’ ಸರಿ. ‘ಫೋಟೊ’ ಒಪ್ಪಲಾರೆ. ‘ಫ’ ಕನ್ನಡದ ಸದ್ದೇ ಅಲ್ಲ. ನಮ್ಮಜ್ಜಿ ಕಡೆಯವರೆಗೂ ‘ಪೋಟ’ ಅಂದವರು.

ಬಾಗೇಪಲ್ಲಿಯಿಂದ

ಅಜ್ಜಿ ‘ಪೋಟ’ ಅಂದರು ಅಂದರೆ ಪದವನ್ನು ಒಪ್ಪಿದ್ದರು ಅಂತ ತಾನೇ ಅಣ್ಣಾ? ‘ತಿಟ್ಟ’ ಅನ್ನಲಿಲ್ಲವಲ್ಲ.

ನೀವು ಅಚ್ಚಗನ್ನಡ ಅಂತ ಎದೆತಟ್ಟಿ ಬರೆದ ಸಾಲಿನ ಮೊದಲ ಪದವೇ ‘ಹಕ್ಕಿ’. ಅದು ಪಕ್ಷಿಯ ತದ್ಭವ ಅಂತ ನಮಗೆ ಸ್ಕೂಲಿನಲ್ಲೇ ಹೇಳಿಕೊಟ್ಟರು. ಪಕ್ಷಿ, ಪಕ್ಕಿ, ಹಕ್ಕಿ. ಎರಡನೇ ಪದದಲ್ಲಿ ‘ಪ್ರಾಣಿ’ ಕೂತಿದೆ, ಅದರ ಊರು ಯಾವುದು ಅಂತ ಕೇಳುವುದೇ ಬೇಡ. ಮಧುಗಿರಿಯವರು ಬೋರ್ಡ್ ಹಾಕುವುದು ‘ರಸ್ತೆ’ ಪಕ್ಕ, ಯಾರದೋ ‘ಜಮೀನಿ’ನಲ್ಲಿ. ಎರಡೂ ಪಾರಸಿಯಿಂದ ಬಂದವು. ತಾಲ್ಲೂಕು ಅರಬ್ಬಿ. ಇವನ್ನೆಲ್ಲ ಹೊರಗೆ ಹಾಕಿದರೆ ಉಳಿಯುವುದು ಬೇಲಿ ಮಾತ್ರ.

ನಮ್ಮ ಕಡೆ ಒಂದೇ ಮನೆಯಲ್ಲಿ ಒಬ್ಬರು ಹಕ್ಕಿ ಅಂದರೆ ಇನ್ನೊಬ್ಬರು ಪಿಟ್ಟ ಅನ್ನುತ್ತಾರೆ. ಜಿಂಕೆಗೆ ತೆಲುಗಿನಲ್ಲಿ ಜಿಂಕ. ಯಾರು ಯಾರಿಂದ ತಗೊಂಡರು ಅಂತ ಲೆಕ್ಕ ಬರೆದಿಟ್ಟವರಿಲ್ಲ, ಕೇಳಿದವರೂ ಇಲ್ಲ.

ತಿಪಟೂರಿನಿಂದ

ಹಕ್ಕಿ ನಮ್ಮ ಸದ್ದಿನ ಅಚ್ಚಿಗೆ ಬಿದ್ದು ನಮ್ಮದಾದ ಪದ. ಪಕಾರ ಹಕಾರವಾಗಿದೆ, ಒತ್ತಕ್ಷರ ಸಡಿಲವಾಗಿದೆ. ‘ಫೋಟೊ’ ಏನೂ ಬದಲಾಗದೆ ಹಾಗೇ ಬಂದು ಕೂತಿದೆ. ವ್ಯತ್ಯಾಸ ಕಾಣದವರಿಗೆ ವಿವರಿಸುವ ಪುರುಸೊತ್ತು ನನಗಿಲ್ಲ.

ಅಂದ ಹಾಗೆ, ಆ ಪ್ರಾಣಿಗೆ ‘ಕೃಷ್ಣಮೃಗ’ ಯಾಕೆ? ‘ಹುಲ್ಲೆ’ ಇದೆ. ಹಳಗನ್ನಡದ ಪುಲ್ಲೆ. ತಮಿಳಿನ ಪುಳ್ಳಿಗೂ ಇದಕ್ಕೂ ಒಂದೇ ಬೇರು. ಪುಳ್ಳಿ ಅಂದರೆ ಚುಕ್ಕೆ. ಅಲ್ಲಿಗೆ ಚುಕ್ಕೆಗೂ ಜಿಂಕೆಗೂ ನಂಟು ಕನ್ನಡದಲ್ಲೇ ಇತ್ತು ಅಂತಾಯಿತು.

ಕೋಲಾರದಿಂದ

ಆಗಲಿಲ್ಲ. ತಮಿಳಿನದು ‘ಳ’, ನಮ್ಮದು ‘ಲ’. ಎರಡನ್ನೂ ಒಂದೇ ಮಾಡಿದರೆ ಹುಲಿಯೂ ಹುಳಿಯೂ ಒಂದೇ ಆಗುತ್ತವೆ. ಪುಲ್ಲೆಯ ನಂಟು ಪುಲ್ಲಿನ ಜೊತೆ, ಅಂದರೆ ಹುಲ್ಲು. ತಮಿಳಿನಲ್ಲಿ ಜೋಡಿ ಹುಡುಕಲೇಬೇಕು ಅಂದರೆ ‘ಪುಲ್ವಾಯ್’ ನೋಡಿ, ಹುಲ್ಲು ಬಾಯಿಯದು. ಅದೂ ಜಿಂಕೆಯೇ. ಚುಕ್ಕೆ ಇಲ್ಲದ ಪ್ರಾಣಿಗೆ ಚುಕ್ಕೆಯ ಹೆಸರು ಅಂಟಿಸಿದ ಮೊಬೈಲಿಗೂ ನಿಮಗೂ ಏನು ಫರಕು?

ಹುಲ್ಲೆ ಕಿಟೆಲ್ ನಿಘಂಟಿನಲ್ಲಿದೆ, ಕಾವ್ಯದಲ್ಲಿದೆ. ಚೆಂದದ ಪದ. ಆದರೆ ಬೋರ್ಡ್ ಓದುವವನ ಬಾಯಲ್ಲಿ ಇಲ್ಲ. ಅವನಿಗೆ ಅರ್ಥವಾಗದೆ ಹೋದರೆ ಮೊಟ್ಟೆ ಒಡೆಯುತ್ತದೆ. ಈ ಒಂದು ವಿಷಯದಲ್ಲಿ ನಾನು ಶಿರಾದವರ ಪಕ್ಷ. ‘ಫೋಟೊ’ ಇರಲಿ. ಛಾಯಾಚಿತ್ರಕ್ಕಿಂತ ವಾಸಿ.

ಶಿರಾದಿಂದ

ಮೇಷ್ಟ್ರೇ ನಮಸ್ಕಾರ.

‘ಕೃಷ್ಣಮೃಗ’ದ ಬಗ್ಗೆ ಒಂದು ಮಾತು. ಕಪ್ಪಗಿರುವುದು ಬೆಳೆದ ಗಂಡು ಮಾತ್ರ. ತಿರುಚಿದ ಕೊಂಬಿರುವುದೂ ಗಂಡಿಗೇ. ಹೆಣ್ಣು, ಮರಿ ಎಲ್ಲ ತಿಳಿ ಕಂದು. ದಾರಿ ಪಕ್ಕ ಹೆಚ್ಚಾಗಿ ಕಾಣುವುದು ಹೆಣ್ಣುಗಳ ಹಿಂಡು. ಹೊಸಬರು “ಇದು ಕೃಷ್ಣಮೃಗ ಅಲ್ಲ, ಬರೀ ಜಿಂಕೆ” ಅಂತ ಕಾರಿನಿಂದ ಇಳಿದು ಹತ್ತಿರ ಹೋಗುತ್ತಾರೆ. ನಾವು ಊರಿನವರು ಎಲ್ಲವನ್ನೂ ಜಿಂಕೆ ಅಂತಲೇ ಅನ್ನುತ್ತೇವೆ. ಬೋರ್ಡಿನಲ್ಲೂ ಅದೇ ಇರಲಿ. ಉತ್ತರದ ಕಡೆಯವರು ಚಿಗರಿ ಅನ್ನುತ್ತಾರೆ, ಅವರಿಗೂ ಜಿಂಕೆ ತಿಳಿಯುತ್ತದೆ.

ತುಮಕೂರಿನಿಂದ

ಆ ಜಾಗದ ಹೆಸರೇ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ. 2007ರಿಂದ ಇದೆ. 798 ಎಕರೆ. ಕೃಷ್ಣಮೃಗ ಅಂತ ಬರೆಯದಿದ್ದರೆ ಅದು ಬೇರೆ ಜಾಗ ಅಂದುಕೊಳ್ಳುತ್ತಾರೆ. ತಲೆಬರಹದಲ್ಲಿ ಅದು, ಕೆಳಗೆ ಜಿಂಕೆ. ಮುಗಿಸಿ.

ಬಾಗೇಪಲ್ಲಿಯಿಂದ

ತಲೆಬರಹಕ್ಕೆ ನನ್ನದೂ ಹೂಂ. ಇನ್ನೊಂದು ಕೇಳಬೇಕಿತ್ತು. ಆ ಕಡೆ ಆಂಧ್ರದ ಗಡಿ ಹತ್ತಿರ. ಹಿಂದೂಪುರದ ಕಡೆಯಿಂದ ಬರುವವರೂ ಇರುತ್ತಾರೆ, ಕುರಿ ಮೇಯಿಸುವವರೂ ಇರುತ್ತಾರೆ. ಕೆಳಗೆ ಒಂದು ಸಾಲು ತೆಲುಗು ಹಾಕಿಸಿದರೆ ಹೇಗೆ?

ತಿಪಟೂರಿನಿಂದ

ಕರ್ನಾಟಕದ ಬೋರ್ಡಿನಲ್ಲಿ ತೆಲುಗಾ? ಇದಕ್ಕೆ ನನ್ನ ಸಹಮತವಿಲ್ಲ. ದಾಖಲಾಗಲಿ.

ಮಧುಗಿರಿಯಿಂದ

ದಾಖಲಾಯಿತು. ಎಲ್ಲರಿಗೂ ಧನ್ಯವಾದ. ಪೇಂಟರ್‌ಗೆ ಕೊಡುವುದು ಹೀಗಿದೆ:

ಕೃಷ್ಣಮೃಗಗಳ ತಾಣ
ಹಕ್ಕಿ, ಜಿಂಕೆ ಕಂಡರೆ ದಾರಿಯಲ್ಲೇ ನಿಂತು ಫೋಟೊ ತೆಗೆಯಿರಿ.
ಹುಲ್ಲಿಗೆ ಇಳಿಯಬೇಡಿ. ನೆಲದ ಮೇಲೆ ಹಕ್ಕಿಗಳ ಮೊಟ್ಟೆ ಇರುತ್ತವೆ.

‘ಮೀಸಲು ಪ್ರದೇಶ’ ಅಂತ ನಾವಾಗಿ ಬರೆದರೆ ಅದು ಇಲಾಖೆಯ ಬೋರ್ಡ್ ಅಂತ ತಿಳಿಯುತ್ತಾರೆ, ಅದಕ್ಕೇ ‘ತಾಣ’. ತಿಪಟೂರಿನ ಅಣ್ಣನವರು ಬೇಸರ ಮಾಡಿಕೊಳ್ಳಬೇಡಿ, ‘ವನ್ಯಜೀವಿ’ಯೂ ಹೋಗಿದೆ. ಬಾಗೇಪಲ್ಲಿಯವರೇ, ತೆಲುಗು ಸಾಲನ್ನು ಗುರುವಾರ ರಾತ್ರಿಯೊಳಗೆ ಕಳಿಸಿ. ಚಿಕ್ಕದಿರಲಿ, ಕೆಳಗೆ ಒಂದು ಗೇಣು ಜಾಗ ಅಷ್ಟೇ ಉಳಿದಿದೆ. ಪೇಂಟರ್‌ಗೆ ತೆಲುಗು ಅಕ್ಷರ ಬರುತ್ತದಂತೆ, ಕೇಳಿದೆ.