ಕಾಂಪಿಟಿಷನ್ ಕಮ್ಮಿ ಇರುವ ಆಟ

"ಮಗಳನ್ನು ಫೆನ್ಸಿಂಗ್ ಕ್ಲಾಸಿಗೆ ಸೇರಿಸಿದೆ. ಕತ್ತಿವರಸೆ ಆಟ. ಅದರಲ್ಲಿ ಒಂದು ಬಗೆ, ಸೇಬರ್," ಅಂದ ಗುಂಡಣ್ಣ.

"ಬ್ಯಾಡ್ಮಿಂಟನ್ ಏನಾಯ್ತೋ?" ಕೇಳಿದರು ರಾಯರು.

"ಬೀದಿಗೊಂದು ಅಕಾಡೆಮಿ ಆಗಿದೆ ರಾಯರೇ. ಇದರಲ್ಲಿ ಕಾಂಪಿಟಿಷನ್ ಕಮ್ಮಿ."

"ಹೋದ ವರ್ಷ ಬಿಲ್ಲುಗಾರಿಕೆ ಅಂದಿದ್ದೆ."

"ಅದಕ್ಕೂ ಜನ ಬಂದುಬಿಟ್ಟರು."

ಪದ್ಮಕ್ಕ ಕಾಫಿ ಆರಿಸುತ್ತಾ ಅಂದರು, "ಸೈಟು ಹುಡುಕಿದ ಹಾಗೆ ಆಟ ಹುಡುಕುತ್ತೀಯಲ್ಲೋ. ಊರಾಚೆ, ಖಾಲಿ ಜಾಗ, ಮುಂದೆ ರೇಟು ಏರುತ್ತೆ ಅಂತ. ಹೋಗಲಿ, ಆಟ ಹೇಗೆ ಅಂತಾದರೂ ಗೊತ್ತಾ?"

ಗುಂಡಣ್ಣ ಓದಿಕೊಂಡೇ ಬಂದಿದ್ದ. ಸೊಂಟದಿಂದ ಮೇಲೆ ಹೊಡೆದರೆ ಪಾಯಿಂಟು, ತಲೆಗೂ ಹೊಡೆಯಬಹುದು. ತುದಿಯಿಂದ ಚುಚ್ಚುವುದಷ್ಟೇ ಅಲ್ಲ, ಅಲಗು ಬೀಸಿದರೂ ನಡೆಯುತ್ತೆ. ಹದಿನೈದು ಪಾಯಿಂಟು ಮೊದಲು ಮಾಡಿದವರು ಗೆದ್ದರು. ಸೀನ ತಕ್ಷಣ ಛತ್ರಿ ಹಿಡಿದು ಎದ್ದ.

"ಹಾಗೆ ಓಡಬಾರದು. ಹಿಂದಿನ ಕಾಲು ಮುಂದಿನ ಕಾಲನ್ನು ದಾಟುವ ಹಾಗಿಲ್ಲ," ಅಂದ ಗುಂಡಣ್ಣ. ಸೀನ ಏಡಿಯಂತೆ ಎರಡು ಹೆಜ್ಜೆ ಜರುಗಿ ಸಪ್ಲೈಯರ್‌ನ ಬೈಗುಳ ತಿಂದು ಕೂತ.

"ಇಬ್ಬರ ಏಟೂ ಒಟ್ಟಿಗೇ ಬಿದ್ದರೆ?" ರಾಯರ ಪ್ರಶ್ನೆ.

"ಏಟು ತಾಗಿದ್ದು ತೋರಿಸೋ ದೀಪ ಎರಡು ಕಡೆಯೂ ಹತ್ತುತ್ತೆ. ದಾಳಿ ಯಾರದು ಅಂತ ರೆಫರಿ ತೀರ್ಮಾನ ಮಾಡಬೇಕು. ಅಷ್ಟರಲ್ಲಿ ಇಬ್ಬರೂ ಪಾಯಿಂಟು ನಂದೇ ಅನ್ನೋ ಹಾಗೆ ಮುಷ್ಟಿ ಬಿಗಿದು ಕಿರುಚುತ್ತಾರೆ."

"ಹಾಗಾದರೆ ನಿನ್ನ ಮಗಳಿಗೆ ಅರ್ಧ ತರಬೇತಿ ಮನೆಯಲ್ಲೇ ಆಗಿದೆ ಬಿಡು," ಅಂದರು ಪದ್ಮಕ್ಕ.

ಗುಂಡಣ್ಣ ಸೋಲಲಿಲ್ಲ. "ಫೆನ್ಸಿಂಗ್ ಆಟಗಾರ್ತಿ ಚೆನ್ನೈನ ಭವಾನಿ ದೇವಿ ಸೇರಿದ್ದೂ ಹೀಗೇ ಅಲ್ವಾ? ಸ್ಕೂಲಲ್ಲಿ ಬೇರೆ ಆಟಗಳೆಲ್ಲ ಭರ್ತಿ, ಇದೊಂದೇ ಖಾಲಿ ಇತ್ತಂತೆ."

"ಹೌದಪ್ಪ, 2004ರಲ್ಲಿ. ಆ ಹುಡುಗಿ ಖಾಲಿ ಇದೆ ಅಂತ ಸೇರಿದಳು. ನೀನು ಯಾವತ್ತೂ ಖಾಲೀನೇ ಇರಲಿ ಅಂತ ಸೇರಿಸುತ್ತಿದ್ದೀಯ. ಕತ್ತಿ ದುಬಾರಿ ಅಂತ ಬಿದಿರು ಕೋಲಲ್ಲಿ ಅಭ್ಯಾಸ ಮಾಡಿದಳು, ಕತ್ತಿ ತೆಗೆದದ್ದು ಪಂದ್ಯಕ್ಕೆ ಮಾತ್ರ. ಅಪ್ಪ ಅರ್ಚಕರು. ಅಮ್ಮ ಒಡವೆ ಅಡವಿಟ್ಟರು. ನೀನೇನು ಅಡ ಇಡ್ತೀಯ?"

"ಇಎಂಐ ಇದೆಯಲ್ಲ ಪದ್ಮಕ್ಕ."

"ಹದಿನಾಲ್ಕನೇ ವಯಸ್ಸಿಗೆ ಮೊದಲ ಸಲ ಹೊರದೇಶದ ಪಂದ್ಯಕ್ಕೆ ಅಂತ ಟರ್ಕಿಗೆ ಹೋದಳು. ಮೂರು ನಿಮಿಷ ತಡವಾಯಿತು. ಕಪ್ಪು ಕಾರ್ಡ್ ತೋರಿಸಿ ಹೊರಗೆ ಕಳಿಸಿದರು."

"ಟ್ರಾಫಿಕ್ ಅನ್ನಬೇಕಿತ್ತು," ಅಂದ ಸೀನ.

"ನಮ್ಮೂರಲ್ಲಿ ಮೂರು ನಿಮಿಷ ತಡ ಅಂದರೆ ಬೇಗ ಬಂದ ಲೆಕ್ಕ. ನೀನು ಇವತ್ತು ಮುಕ್ಕಾಲು ಗಂಟೆ ತಡ. ನಿನಗೆ ಯಾವ ಬಣ್ಣದ ಕಾರ್ಡ್ ಕೊಡೋಣ?"

ಕೇರಳದ ತಲಶ್ಶೇರಿಯಲ್ಲಿ ತರಬೇತಿ, ಆಮೇಲೆ ಇಟಲಿಯ ಲಿವೋರ್ನೊ. ನಡುವೆ 2015ರಲ್ಲಿ ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಷನ್ ಕ್ರೀಡಾಪಟುಗಳಿಗೆ ನೆರವಾಗುವ ತನ್ನ ರಾಹುಲ್ ದ್ರಾವಿಡ್ ಯೋಜನೆಗೆ ಆಕೆಯನ್ನು ಸೇರಿಸಿಕೊಂಡಿತು ಅಂತ ರಾಯರು ನೆನಪಿಸಿದ್ದೇ ತಡ, ಸೀನ ಎದೆಯುಬ್ಬಿಸಿದ. "ಅಂದರೆ ನಮ್ಮವಳೇ!"

"ನಿನ್ನ ಜೇಬಿಂದ ಏನಾದರೂ ಹೋಯ್ತಾ? ಇಲ್ಲ ತಾನೇ? ಸುಮ್ನೆ ಕೂತ್ಕೋ."

ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಮೊದಲ ಭಾರತೀಯ ಫೆನ್ಸರ್ ಆಕೆ. ಟೋಕಿಯೊದ ಮೊದಲ ಪಂದ್ಯದಲ್ಲಿ ಟ್ಯುನೀಷಿಯಾದ ನಾದಿಯಾ ಬೆನ್ ಅಜೀಜಿಯನ್ನು 15-3ರಲ್ಲಿ ಸೋಲಿಸಿದಳು. ಮುಂದಿನದರಲ್ಲಿ ಫ್ರಾನ್ಸಿನ ಮನೋನ್ ಬ್ರುನೆ ಎದುರು 7-15. "ಆಮೇಲೆ ಏನು ಮಾಡಿದಳು ಗೊತ್ತಾ?" ಪದ್ಮಕ್ಕನ ದನಿ ತಗ್ಗಿತು. "ಗೆಲ್ಲೋಕೆ ಆಗಲಿಲ್ಲ, ಸಾರಿ ಅಂತ ಬರೆದಳು. ಯಾರಿಗೆ? ನಮಗೆ! ಹಿಂದಿನ ದಿನದವರೆಗೂ ಸೇಬರ್ ಅಂದರೆ ತಿನ್ನೋದಾ ಉಡೋದಾ ಅಂತ ಗೊತ್ತಿಲ್ಲದ ನಮಗೆ."

ಯಾರೂ ಮಾತಾಡಲಿಲ್ಲ. ಸೀನ ಛತ್ರಿಯ ಗುಂಡಿ ಹಾಕಿದ.

"2023ರಲ್ಲಿ ಚೀನಾದ ವುಶಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್. ವಿಶ್ವ ಚಾಂಪಿಯನ್ ಜಪಾನಿನ ಮಿಸಾಕಿ ಎಮುರಾಳನ್ನು ಹೊಡೆದು ಹಾಕಿದಳು, 15-10. ಸೆಮಿಫೈನಲ್ಲಿನಲ್ಲಿ 14-15ರಲ್ಲಿ ಸೋತು ಕಂಚು. ಆ ಟೂರ್ನಿಯಲ್ಲಿ ಭಾರತಕ್ಕೆ ಮೊದಲ ಪದಕ ಅದು. ಒಂದೇ ಒಂದು ಪಾಯಿಂಟು ಕಣೋ! ನಮ್ಮಲ್ಲಿ ಯಾರಾದರೂ ಆವತ್ತು ಆ ಪಂದ್ಯ ನೋಡಿದ್ದೆವಾ?"

"ಅಂದರೆ ಕಾಂಪಿಟಿಷನ್ ಜಾಸ್ತೀನೇ ಅಂತೀರಾ?" ಗುಂಡಣ್ಣ ಪೆಚ್ಚಾಗಿ ಕೇಳಿದ.

"ನಿನ್ನ ಬೀದಿಯಲ್ಲಿ ಕಮ್ಮಿ. ಜಪಾನು, ಫ್ರಾನ್ಸು ನಿನ್ನ ಬೀದಿಯಲ್ಲಿಲ್ಲ. ಅದಿರಲಿ, ಮಗಳು ಏನಂತಾಳೆ?"

"ಮಾಸ್ಕ್ ಇಷ್ಟ ಆಯ್ತಂತೆ. ಒಳಗೆ ಅತ್ತರೂ ಅಪ್ಪನಿಗೆ ಕಾಣಲ್ಲ ಅಂದಳು."

ಪದ್ಮಕ್ಕ ಅವನನ್ನೇ ನೋಡಿದರು. "ಫೀಸು?"

"ವರ್ಷದ್ದು ಕಟ್ಟಾಗಿದೆ. ವಾಪಸ್ ಕೊಡಲ್ಲ."

"ಹಾಗಾದರೆ ಕಳಿಸು. ಪದಕ, ಕಾಲೇಜು ಸೀಟು ಅಂತ ಅವಳ ಮುಂದೆ ಬಾಯಿ ಬಿಡಬೇಡ. ಮತ್ತೆ ಆ ಸಿಲ್ಕ್‌ಬೋರ್ಡ್ ದಾರಿ ಹಿಡಿಯೋದಾದರೆ ಒಂದು ಗಂಟೆ ಮುಂಚೇನೇ ಹೊರಡು ಮಾರಾಯ."