ಪುಟ್ಟನ ಬ್ಯಾಂಕಾಕ್ ಕೆಲಸದ ವಿಷಯ

ತಮ್ಮಾ, ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ಯಲ್ಲ, ಪುಟ್ಟಂಗೆ ಬ್ಯಾಂಕಾಕಲ್ಲಿ ಡಾಟಾ ಎಂಟ್ರಿ ಕೆಲಸ, ತಿಂಗಳಿಗೆ 80 ಸಾವಿರ, ಊಟ ರೂಮು ಫ್ರೀ, ಟಿಕೆಟ್ಟೂ ಅವ್ರದ್ದೇ ಅಂತ. ಎಲ್ರೂ ಕಂಗ್ರಾಟ್ಸ್ ಹಾಕಿದ್ರು, ನಂಗೆ ಕೈ ಬರ್ಲಿಲ್ಲ. ಟೈಪ್ ಮಾಡಿದ್ರೆ ಕೊಂಕು ಅನ್ಸುತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಉದ್ದ ಆಗುತ್ತೆ, ಪೂರ್ತಿ ಕೇಳು.

ಆ ಟಿಕೆಟ್ಟೇ ನಂಗೆ ಕಸಿವಿಸಿ. ನಮ್ ತಾತ ಜೀತಕ್ಕೆ ಬಿದ್ದಿದ್ದು ಹೇಗೆ ಹೇಳು? ಮದುವೆ ಖರ್ಚಿಗೆ ಅಂತ ಇಸ್ಕೊಂಡ ಸಾಲ. ಎಷ್ಟು ವರ್ಷ ದುಡಿದ್ರೂ ತೀರ್ಲಿಲ್ಲ, ಲೆಕ್ಕದ ಪುಸ್ತಕ ಧಣಿ ಕೈಲಿತ್ತಲ್ಲ. 1976ರ ಕಾಯ್ದೆ ಬಂದು, ಅಂಥ ಸಾಲವೇ ಇಲ್ಲ ಅಂತ ಆದ್ಮೇಲೆ ತಾನೇ ಬಿಡುಗಡೆ.

ಈಗ್ಲೂ ಹಂಗೇ. ಹುಡುಗ್ರು ಬ್ಯಾಂಕಾಕಲ್ಲಿ ಇಳೀತಾರೆ, ಕಾರಲ್ಲಿ ಕೂರಿಸಿ ಗಂಟೆಗಟ್ಟಲೆ ಪಶ್ಚಿಮಕ್ಕೆ ಮೇ ಸೋಟ್ ಅಂತ ಊರಿಗೆ ಕರ್ಕೊಂಡ್ ಹೋಗ್ತಾರೆ. ಅಲ್ಲಿ ಮೋಯಿ ನದಿ ದಾಟಿದ್ರೆ ಮ್ಯಾನ್ಮಾರಿನ ಮ್ಯಾವಡಿ. ಪಾಸ್‌ಪೋರ್ಟ್ ಕಿತ್ಕೊಂಡ್ರು ಅಂದ್ರೆ ಮುಗೀತು. ಕೆಲಸ ಏನು ಗೊತ್ತಾ? ಚೆಂದದ ಹುಡುಗಿ ಫೋಟೋ ಇಟ್ಕೊಂಡು ಊರೋರ ಹತ್ರ ಪ್ರೀತಿ ಮಾತಾಡಿ, ಕ್ರಿಪ್ಟೋಗೆ ದುಡ್ಡು ಹಾಕ್ಸೋದು. ಟಾರ್ಗೆಟ್ ಆಗ್ಲಿಲ್ವಾ, ಹೊಡೆತ, ಕರೆಂಟ್ ಶಾಕ್. ಬಿಡಿ ಅಂದ್ರೆ, ಟಿಕೆಟ್ ಊಟ ರೂಮಿನ ಲೆಕ್ಕ ತೆಗೆದು ಸಾವಿರಾರು ಡಾಲರ್ ಕಟ್ಟು ಅಂತಾರೆ, ಇಲ್ಲ ಇನ್ನೊಂದು ಕಂಪನಿಗೆ ಮಾರಿಬಿಡ್ತಾರೆ. ಮಾರೋದು ಅಂದ್ರೆ ಮಾರೋದೇ, ದನದ ಥರ.

ನಾನೇನೋ ಫಾರ್ವರ್ಡ್ ನಂಬ್ಕೊಂಡು ಹೇಳ್ತಿಲ್ಲ. ವಿಶ್ವಸಂಸ್ಥೆ ಮಾನವ ಹಕ್ಕುಗಳ ಕಚೇರಿಯವ್ರೇ 2023ರಲ್ಲಿ ಹೇಳಿದ್ದು, ಮ್ಯಾನ್ಮಾರ್ ಒಂದರಲ್ಲೇ ಕಡಿಮೆ ಅಂದ್ರೂ 1,20,000 ಜನ ಹೀಗೆ ಸಿಕ್ಕಿಹಾಕ್ಕೊಂಡಿರಬಹುದು ಅಂತ. 2025ರ ಮಾರ್ಚಲ್ಲಿ ನಮ್ ವಾಯುಪಡೆ ವಿಮಾನದಲ್ಲೇ ಎರಡು ದಿನಕ್ಕೆ 549 ಜನರನ್ನ ಮೇ ಸೋಟಿಂದ ವಾಪಸ್ ಕರ್ಕೊಂಡ್ ಬಂದ್ರು.

ಚಿಕ್ಕಪ್ಪ, ನೀವೂ ಕೇಳ್ತಿರಬಹುದು, ಬೇಜಾರ್ ಮಾಡ್ಕೋಬೇಡಿ. ಹೋದ ವರ್ಷ ನಿಮ್ ದುಡ್ಡು ನುಂಗಿದ್ಲಲ್ಲ ಆ 'ಹುಡುಗಿ', ಅವತ್ತು ನಾವೆಲ್ಲ ಬಾಯ್ತುಂಬ ಶಾಪ ಹಾಕಿದ್ವಿ. ಆ ಕಡೆ ಕೂತು ಟೈಪ್ ಮಾಡ್ತಿದ್ದೋನು ಪುಟ್ಟನ ವಯಸ್ಸಿನ ಯಾರೋ ಹುಡುಗನೇ ಇರಬಹುದು, ಬೆನ್ನ ಹಿಂದೆ ಲಾಠಿ ಹಿಡ್ಕೊಂಡೋನು ನಿಂತಿದ್ದಿರಬಹುದು. ನಿಮ್ ದುಡ್ಡು ಹೋದ ಸಂಕಟ ಇದ್ದೇ ಇದೆ, ಆದ್ರೂ ಈ ಯೋಚನೆ ಬಂದಾಗಿಂದ ಶಾಪ ಹಾಕೋಕೆ ಬಾಯಿ ಬರ್ತಿಲ್ಲ.

ತಮ್ಮಾ, ನಿನ್ ಆಸೆ ನಂಗೆ ಗೊತ್ತಿಲ್ವಾ? ಡಿಗ್ರಿ ಮುಗಿಸಿ ಎರಡು ವರ್ಷ ಮನೇಲಿ ಕೂತಿದಾನೆ. ಎಲ್ಲಾ ಕೆಲಸನೂ ಮೋಸ ಅಂತಲೂ ಅಲ್ಲ. ಆದ್ರೆ ಆ ಏಜೆಂಟ್ ಲೈಸೆನ್ಸ್ ನಂಬರ್ ಕೇಳು, ವಿದೇಶಾಂಗ ಇಲಾಖೆಯ ಇಮೈಗ್ರೇಟ್ ಸೈಟಲ್ಲಿ ಇದ್ಯಾ ಅಂತ ನಾನೇ ನೋಡ್ತೀನಿ. 'ಟೂರಿಸ್ಟ್ ಅಂತ ಹೋಗ್ಲಿ, ಅಲ್ಲೇ ವರ್ಕ್ ಪರ್ಮಿಟ್ ಮಾಡ್ಸೋಣ' ಅಂದ ಅಂದ್ರೆ ಅಲ್ಲಿಗೇ ನಿಲ್ಲಿಸ್ಬಿಡು. ಪಾಸ್‌ಪೋರ್ಟ್ ಈಗಾಗ್ಲೇ ಅವನ ಕೈಗೆ ಕೊಟ್ಟಿದ್ರೆ, ಏನಾದ್ರೂ ನೆಪ ಹೇಳಿ ಇವತ್ತೇ ಇಸ್ಕೊಂಡ್ ಬಾ.

ಸಾಯಂಕಾಲ ಏಳಕ್ಕೆ ಫೋನ್ ಮಾಡ್ತೀನಿ. ಪುಟ್ಟನ್ನೂ ಪಕ್ಕದಲ್ಲೇ ಕೂರಿಸ್ಕೋ, ಬೈಯಲ್ಲ ಅಂತ ಹೇಳು.